ಹೊಸದಾಗಿ ನವೀಕರಿಸಿದ ಹೋಟೆಲಿನಲ್ಲಿ ಮಕ್ಕಳ ಜೊತೆ ಒಂದು ರಾತ್ರಿ: ಸಾಮಾನು ಬಿಚ್ಚುವ ಮೊದಲು ಏನೇನು ನೋಡಬೇಕು?

ನವೀಕರಣ ಮುಗಿಸಿ ಮತ್ತೆ ಬಾಗಿಲು ತೆರೆದ ಹೋಟೆಲು ಅಂದರೆ ಮಕ್ಕಳಿರುವ ಮನೆಯವರಿಗೆ ಆಸೆಯಾಗುತ್ತದೆ. ಹಾಸಿಗೆ ಹೊಸದು, ಬಾತ್‌ರೂಮು ಥಳಥಳ, ಜೊತೆಗೆ ಮಕ್ಕಳಿಗೊಂದು ಆಟದ ಮೂಲೆ. ನಾನೂ ಇಬ್ಬರು ಮಕ್ಕಳನ್ನು ಕರೆದುಕೊಂಡು ಇಂಥ ಹೋಟೆಲುಗಳಲ್ಲಿ ಸಾಕಷ್ಟು ರಾತ್ರಿ ಕಳೆದಿದ್ದೇನೆ. ಈಗಲೂ ಇಷ್ಟಪಟ್ಟೇ ಹೋಗುತ್ತೇನೆ.

ಆದರೆ ಹೊಸ ರೂಮು ಅಂದರೆ ಇನ್ನೂ ಜಾಸ್ತಿ ಜನ ಮಲಗಿ ಎದ್ದಿರದ ರೂಮು. ನಲ್ಲಿಯಲ್ಲಿ ನೀರು ಎಷ್ಟು ಬಿಸಿ ಬರುತ್ತದೆ, ಬಾಗಿಲು ಸರಿಯಾಗಿ ಕೂರುತ್ತದಾ, ಕಿಟಕಿ ಎಷ್ಟು ಅಗಲ ತೆರೆಯುತ್ತದೆ ಎಂಬ ಸಣ್ಣಪುಟ್ಟ ಕೊರತೆಗಳು ಉಳಿದವರು ಬಂದು ಹೇಳಿದ ಮೇಲೆ ಒಂದೊಂದಾಗಿ ಸರಿಯಾಗುತ್ತವೆ. ಆ ರೂಮಿಗೆ ಕಾಲಿಡುವ ಮೊದಮೊದಲ ಜನ ನೀವೇ ಆಗಿದ್ದರೆ, ನೋಡುವ ಕೆಲಸವೂ ನಿಮ್ಮದೇ. ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ಹೇಗೆ ಕಳೆಯಬೇಕು, ಅದಕ್ಕೂ ಮೊದಲು ಏನು ಕೇಳಬೇಕು ಅನ್ನುವುದನ್ನು ಕ್ರಮವಾಗಿ ಬರೆಯುತ್ತೇನೆ.

1. ಬುಕ್ ಮಾಡುವ ಮೊದಲು ಒಂದು ಫೋನ್ ಮಾಡಿ

ಹೋಟೆಲುಗಳು ಸಾಮಾನ್ಯವಾಗಿ ಇಡೀ ಕಟ್ಟಡ ಮುಚ್ಚಿ ಕೆಲಸ ಮಾಡಿಸುವುದಿಲ್ಲ. ಎರಡು ಮಹಡಿ ಮುಚ್ಚುತ್ತಾರೆ, ಉಳಿದದ್ದು ತೆರೆದಿರುತ್ತದೆ. ಅವು ಮುಗಿದ ಮೇಲೆ ಮುಂದಿನ ಎರಡು. ಹಾಗಾಗಿ ‘ಹೊಸದಾಗಿ ನವೀಕರಿಸಲಾಗಿದೆ’ ಅಂತ ಬೋರ್ಡು ಇದ್ದರೂ ನಿಮ್ಮ ತಲೆಯ ಮೇಲಿನ ಮಹಡಿಯಲ್ಲಿ ಡ್ರಿಲ್ ಓಡುತ್ತಿರಬಹುದು. ಕಾಂಕ್ರೀಟಿನಲ್ಲಿ ಡ್ರಿಲ್ ಸದ್ದು ತುಂಬಾ ದೂರ ಹೋಗುತ್ತದೆ. ಮಧ್ಯಾಹ್ನ ಮಲಗುವ ಮಗು ಇದ್ದರೆ ಆ ದಿನ ಹಾಳು.

“ಕೆಲಸ ಎಲ್ಲಾ ಮುಗಿದಿದೆಯಾ?” ಅಂತ ಕೇಳಿದರೆ “ಹೌದು” ಅನ್ನುವ ಉತ್ತರ ಸುಲಭವಾಗಿ ಬಂದುಬಿಡುತ್ತದೆ. ಹೀಗೆ ಕೇಳಿ: “ನಾವು ಬರುವ ದಿನ ಕಟ್ಟಡದಲ್ಲಿ ಎಲ್ಲಾದರೂ ಡ್ರಿಲ್, ಪೇಂಟಿಂಗ್ ಕೆಲಸ ಇದೆಯಾ? ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ? ನಮಗೆ ಕೊಡುವ ಮಹಡಿಯನ್ನು ಯಾವಾಗ ತೆರೆದಿರಿ? ಲಿಫ್ಟು, ಈಜುಕೊಳ, ಆಟದ ಜಾಗ ಇವತ್ತು ನಡೀತಿವೆಯಾ?” ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ರೂಮುಗಳು ಮೊದಲು ಮುಗಿದು, ಈಜುಕೊಳ ತಿಂಗಳುಗಟ್ಟಲೆ ತಡವಾಗುವುದುಂಟು. ಮಕ್ಕಳಿಗೆ ಈಜುವ ಆಸೆ ಹುಟ್ಟಿಸಿ ಕರೆದುಕೊಂಡು ಹೋದ ಮೇಲೆ ಹಗ್ಗ ಕಟ್ಟಿದ ಖಾಲಿ ಕೊಳ ತೋರಿಸುವುದು ಯಾರಿಗೂ ಬೇಡ.

ಫೋಟೋಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಗೋಡೆಯಲ್ಲಿ ಒಂದೂ ಪ್ಲಗ್ ಪಾಯಿಂಟ್ ಇಲ್ಲ, ದೀಪಕ್ಕೆ ವೈರಿಲ್ಲ, ಹೊದಿಕೆಯಲ್ಲಿ ಒಂದು ಸುಕ್ಕೂ ಇಲ್ಲ ಅಂದರೆ ಅದು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ಇರಬಹುದು. ಉಳಿದುಕೊಂಡು ಹೋದವರ ಅಭಿಪ್ರಾಯ ಓದುವಾಗ, ಮತ್ತೆ ತೆರೆದ ದಿನದ ನಂತರ ಬರೆದದ್ದನ್ನು ಮಾತ್ರ ಓದಿ. ಹಳೆಯ ಸ್ಟಾರುಗಳು ಹಳೆಯ ರೂಮಿಗೆ ಸಿಕ್ಕಿದ್ದು. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಈಗ ಅದರಿಂದ ಏನೂ ತಿಳಿಯುವುದಿಲ್ಲ.

2. ‘ಫ್ಯಾಮಿಲಿ ರೂಮ್’ ಅಂದರೆ ಏನು ಅಂತ ಬಿಡಿಸಿ ಕೇಳಿ

ಒಂದು ಹೋಟೆಲಿನಲ್ಲಿ ಫ್ಯಾಮಿಲಿ ರೂಮು ಅಂದರೆ ನಾಲ್ಕು ಸರಿಯಾದ ಹಾಸಿಗೆ. ಇನ್ನೊಂದರಲ್ಲಿ ಒಂದು ಡಬಲ್ ಮಂಚ, ಪಕ್ಕದಲ್ಲಿ ಬಿಡಿಸಿದರೆ ಹಾಸಿಗೆಯಾಗುವ ಸೋಫಾ. ಸೋಫಾ ಬಿಡಿಸಿದ ಮೇಲೆ ಬಾತ್‌ರೂಮಿಗೆ ಹೋಗಲು ದಾರಿ ಉಳಿಯುತ್ತದಾ ಅಂತಲೂ ಕೇಳಬಹುದು.

ಎರಡು ರೂಮು ತೆಗೆದುಕೊಳ್ಳುವವರು ಎರಡು ಪದಗಳ ವ್ಯತ್ಯಾಸ ತಿಳಿದಿರಬೇಕು. ‘ಕನೆಕ್ಟಿಂಗ್’ ರೂಮುಗಳ ನಡುವೆ ಒಳಗಿನಿಂದಲೇ ಬಾಗಿಲಿರುತ್ತದೆ. ‘ಅಡ್ಜಾಯ್ನಿಂಗ್’ ಅಂದರೆ ಸುಮ್ನೆ ಅಕ್ಕಪಕ್ಕ. ಗೋಡೆ ಒಂದೇ, ಬಾಗಿಲು ಇಲ್ಲ. ಮಕ್ಕಳು ಒಂದರಲ್ಲಿ, ನೀವು ಇನ್ನೊಂದರಲ್ಲಿ ಅಂದರೆ ಈ ವ್ಯತ್ಯಾಸವೇ ಎಲ್ಲ. ಬುಕಿಂಗ್ ಆ್ಯಪ್‌ನಲ್ಲಿ ‘ವಿಶೇಷ ಕೋರಿಕೆ’ ಜಾಗದಲ್ಲಿ ಬರೆದದ್ದು ಬರೀ ಕೋರಿಕೆ. ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಹೋಟೆಲಿಗೆ ನೇರವಾಗಿ ಮೇಲ್ ಮಾಡಿ, “ಖಚಿತ” ಅಂತ ಅವರಿಂದಲೇ ಬರೆಸಿಕೊಳ್ಳಿ. ಮಗುವಿಗೆ ತೊಟ್ಟಿಲು ಮಂಚ ಬೇಕಿದ್ದರೂ ಹೀಗೇ.

ಮಕ್ಕಳ ಲೆಕ್ಕ ಮತ್ತು ವಯಸ್ಸನ್ನು ಬುಕಿಂಗ್‌ನಲ್ಲೇ ಸರಿಯಾಗಿ ಬರೆಯಿರಿ. ‘ಮಕ್ಕಳಿಗೆ ಉಚಿತ’ ಅನ್ನುವುದು ಹೆಚ್ಚಾಗಿ ಇರುವ ಹಾಸಿಗೆಯಲ್ಲೇ ಮಲಗಿದರೆ ಮಾತ್ರ. ಬೆಳಗಿನ ತಿಂಡಿಗೆ ಬೇರೆ ವಯಸ್ಸಿನ ಮಿತಿ ಇರಬಹುದು.

ಮಹಡಿಯ ಬಗ್ಗೆ ನನ್ನ ಆಯ್ಕೆ ಯಾವತ್ತೂ 3ರಿಂದ 6ರ ಒಳಗೆ. ನೆಲಮಹಡಿಗೆ ಹೊರಗಿನಿಂದ ಯಾರು ಬೇಕಾದರೂ ಬರಬಹುದು, ತುಂಬಾ ಮೇಲೆ ಹೋದರೆ ಅಗ್ನಿಶಾಮಕದವರ ಏಣಿ ತಲುಪುವುದು ಕಷ್ಟ. ಲಿಫ್ಟಿನ ಪಕ್ಕದ ರೂಮು ಬೇಡ ಅಂತಲೂ ಮೊದಲೇ ಹೇಳಿಬಿಡಿ.

3. ಬ್ಯಾಗಿಗೆ ನಾಲ್ಕು ಸಾಮಾನು ಜಾಸ್ತಿ ಹಾಕಿ

ಮಗುವಿನ ಸ್ವಂತ ದಿಂಬಿನ ಕವರು, ತೊಳೆಯದೇ ಇರುವುದು. ಮನೆಯ ವಾಸನೆ ಇರಲಿ ಅಂತ. ಒಂದು ಪುಟ್ಟ ರಾತ್ರಿ ದೀಪ. ಅಂಟಿಸಿ ಕೀಳಬಹುದಾದ ಬಣ್ಣದ ಟೇಪು, ಅದರ ಕೆಲಸ ಮುಂದೆ ಬರುತ್ತದೆ. ಪ್ಲಗ್ ಪಾಯಿಂಟ್ ಮುಚ್ಚುವ ಪ್ಲಾಸ್ಟಿಕ್ ಮುಚ್ಚಳಗಳು.

4. ರಿಸೆಪ್ಷನ್‌ನಲ್ಲಿ

ರೂಮ್ ನಂಬರನ್ನು ಜೋರಾಗಿ ಹೇಳದೆ ಬರೆದು ಕೊಡಲು ಹೇಳಿ. ಕಾರ್ಡಿನಿಂದ ಮುಂಗಡ ಎಷ್ಟು ಹಿಡಿದಿಡುತ್ತಾರೆ, ವಾಪಸ್ ಬರಲು ಎಷ್ಟು ದಿನ ಅಂತ ಕೇಳಿಕೊಳ್ಳಿ. ಆಮೇಲೆ ಒಂದೇ ಮಾತು: “ಸಾಮಾನು ಇಲ್ಲೇ ಇರಲಿ, ಒಮ್ಮೆ ರೂಮು ನೋಡಿ ಬರ್ತೀವಿ.” ಯಾರೂ ಬೇಡ ಅನ್ನುವುದಿಲ್ಲ. ಸಾಮಾನು ಬಿಚ್ಚಿ, ಮಕ್ಕಳು ಹಾಸಿಗೆ ಮೇಲೆ ಕುಣಿದ ಮೇಲೆ ರೂಮು ಬದಲಿಸುವುದು ಎರಡೂ ಕಡೆಯವರಿಗೆ ತಲೆನೋವು.

5. ಬಾಗಿಲು ತೆರೆದ ತಕ್ಷಣ ಮೂಗಿಗೆ ಕೆಲಸ ಕೊಡಿ

ಒಳಗೆ ಹೋಗಿ, ಬಾಗಿಲು ಹಾಕಿ, ಒಂದು ನಿಮಿಷ ಸುಮ್ನೆ ನಿಲ್ಲಿ. ಹೊಸ ಬಣ್ಣ, ಪ್ಲೈವುಡ್, ಕಾರ್ಪೆಟ್ ಅಂಟು ಇವೆಲ್ಲ ವಾರ, ತಿಂಗಳುಗಟ್ಟಲೆ ಗಾಳಿಗೆ ರಾಸಾಯನಿಕ ಬಿಡುತ್ತಲೇ ಇರುತ್ತವೆ. ಪ್ಲೈವುಡ್ ಮತ್ತು ಎಂಡಿಎಫ್ ಹಲಗೆಯ ಅಂಟಿನಿಂದ ಬರುವುದು ಫಾರ್ಮಾಲ್ಡಿಹೈಡ್. ಕಣ್ಣು ಉರಿ, ಗಂಟಲು ಕೆರೆತ ಅದರ ಗುರುತು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮನೆಯೊಳಗಿನ ಗಾಳಿಗೆ ಹಾಕಿದ ಮಿತಿ ಒಂದು ಘನ ಮೀಟರ್ ಗಾಳಿಯಲ್ಲಿ 0.1 ಮಿಲಿಗ್ರಾಂ. ನಿಮ್ಮ ಕೈಯಲ್ಲಿ ಅಳತೆ ಮಾಡುವ ಯಂತ್ರ ಇರುವುದಿಲ್ಲ, ಮೂಗು ಮತ್ತು ಕಣ್ಣು ಇವೆ. ಹೊಸ ವಾಸನೆ ಸ್ವಲ್ಪ ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಒಂದು ನಿಮಿಷದಲ್ಲೇ ಕಣ್ಣು ಚುರುಗುಟ್ಟಿದರೆ ಆ ರೂಮು ಬೇಡ ಅನ್ನಿ. ಪುಟ್ಟ ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ನಮಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ. ಅಸ್ತಮಾ ಇರುವ ಮಗು ಇದ್ದರಂತೂ ಯೋಚಿಸುವುದೇ ಬೇಡ.

ಸಾಧಾರಣ ವಾಸನೆ ಇದ್ದರೆ ಕಿಟಕಿ ತೆರೆದು, ಬಾತ್‌ರೂಮಿನ ಫ್ಯಾನು ಹಾಕಿ, ಕಪಾಟಿನ ಬಾಗಿಲುಗಳನ್ನೂ ಡ್ರಾಯರುಗಳನ್ನೂ ತೆರೆದಿಟ್ಟು ಹೊರಗೆ ಸುತ್ತಾಡಿ ಬನ್ನಿ. ಸೆಕೆ ಮತ್ತು ತೇವ ಜಾಸ್ತಿಯಾದಷ್ಟೂ ಹಲಗೆಯಿಂದ ಫಾರ್ಮಾಲ್ಡಿಹೈಡ್ ಜಾಸ್ತಿ ಬರುತ್ತದೆ. ಹಾಗಾಗಿ ರಾತ್ರಿ ರೂಮನ್ನು ತಂಪಾಗಿಟ್ಟುಕೊಳ್ಳಿ. ವಾಸನೆ ಮುಚ್ಚಲು ಸ್ಪ್ರೇ ಹೊಡೆಯುತ್ತೇವೆ ಅಂದರೆ ಒಪ್ಪಬೇಡಿ.

6. ಮೇಲೆ ನೋಡಿ

ಇದನ್ನು ನಾನು ಕಲಿತದ್ದು ಒಂದು ಹೋಟೆಲಿನಲ್ಲಿ, ಮಗಳಿಂದ. ಹಾಸಿಗೆ ಮೇಲೆ ಅಂಗಾತ ಮಲಗಿದ್ದವಳು “ಅಮ್ಮಾ, ಆ ಬಿಳಿ ಡಬ್ಬಿಗೆ ಯಾಕೆ ಟೋಪಿ ಹಾಕಿದ್ದಾರೆ?” ಅಂದಳು. ತಲೆಯೆತ್ತಿ ನೋಡಿದೆ. ಛಾವಣಿಯಲ್ಲಿದ್ದ ಹೊಗೆ ಅಲಾರಂಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಮುಚ್ಚಳ ಹಾಗೇ ಇತ್ತು. ಕೆಲಸ ನಡೆಯುವಾಗ ದೂಳು, ಬಣ್ಣ ಒಳಗೆ ಹೋಗದಿರಲಿ ಅಂತ ಆ ಮುಚ್ಚಳ ಹಾಕುತ್ತಾರೆ. ಮುಗಿದ ಮೇಲೆ ತೆಗೆಯಲು ಯಾರೋ ಮರೆತಿದ್ದರು. ಮುಚ್ಚಳ ಇರುವವರೆಗೆ ರೂಮಿನಲ್ಲಿ ಹೊಗೆ ತುಂಬಿದರೂ ಅಲಾರಂಗೆ ಗೊತ್ತಾಗುವುದಿಲ್ಲ. ಫೋನ್ ಮಾಡಿದೆ, ಐದು ನಿಮಿಷದಲ್ಲಿ ಏಣಿ ತಂದು ತೆಗೆದರು. ಆ ಮಹಡಿಯ ಉಳಿದ ರೂಮುಗಳನ್ನೂ ನೋಡಿ ಅಂತ ನಾನೇ ಹೇಳಬೇಕಾಯಿತು. ಆವತ್ತಿನಿಂದ ಯಾವ ರೂಮಿಗೆ ಹೋದರೂ ಮೊದಲು ಕತ್ತೆತ್ತಿ ನೋಡುತ್ತೇನೆ.

7. ನೀರು ಬಿಡಿ, ಆದರೆ ಪಕ್ಕದಲ್ಲಿ ನಿಲ್ಲಬೇಡಿ

ನವೀಕರಣ ಆಗುವಾಗ ರೂಮು ತಿಂಗಳುಗಟ್ಟಲೆ ಖಾಲಿ ಬಿದ್ದಿರುತ್ತದೆ, ಪೈಪಿನಲ್ಲಿ ನೀರು ನಿಂತಿರುತ್ತದೆ. ನಿಂತ ಉಗುರು ಬೆಚ್ಚಗಿನ ನೀರಿನಲ್ಲಿ, ಸುಮಾರು 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ, ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಮಾಜಿ ಸೈನಿಕರ ಸಂಘ ಅಮೆರಿಕನ್ ಲೀಜನ್ನಿನ ಸಮ್ಮೇಳನ ನಡೆಯಿತು. ಅಲ್ಲಿಗೆ ಬಂದವರಲ್ಲಿ ನ್ಯುಮೋನಿಯಾ ಹರಡಿ ಸುಮಾರು 30 ಮಂದಿ ತೀರಿಕೊಂಡರು. ಈ ಬ್ಯಾಕ್ಟೀರಿಯಾಕ್ಕೆ ಹೆಸರು ಬಂದದ್ದು ಅಲ್ಲಿಂದಲೇ. ಇದು ಶ್ವಾಸಕೋಶ ಸೇರುವುದು ಮುಖ್ಯವಾಗಿ ಸಣ್ಣ ಹನಿಗಳ ತುಂತುರು ಉಸಿರಿನೊಳಗೆ ಹೋದಾಗ. ಮಕ್ಕಳಿಗೆ ಬರುವುದು ಅಪರೂಪ. ಜೊತೆಯಲ್ಲಿ ಬಂದ ಅಜ್ಜ, ಅಜ್ಜಿಗೆ, ಸಿಗರೇಟು ಸೇದುವವರಿಗೆ ಅಪಾಯ ಜಾಸ್ತಿ.

ಮಾಡಬೇಕಾದ್ದು ಸುಲಭ. ಶವರ್ ತಲೆಯನ್ನು ಕೆಳಕ್ಕೆ, ಮೋರಿಯ ಹತ್ತಿರ ಹಿಡಿದಂತೆ ಇಟ್ಟು, ತಣ್ಣೀರು ಬಿಸಿನೀರು ಎರಡನ್ನೂ ಮೂರ್ನಾಲ್ಕು ನಿಮಿಷ ಹರಿಯಬಿಡಿ. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಹೊರಗಿರಿ. ದಿನಾ ಜನ ಉಳಿಯುತ್ತಿರುವ ರೂಮಾದರೆ ಇದು ಬೇಕಾಗುವುದಿಲ್ಲ.

ನೀರು ಹರಿಯುವಾಗಲೇ ಬಿಸಿ ನೋಡಿಕೊಳ್ಳಿ. ಇದೇ ಬ್ಯಾಕ್ಟೀರಿಯಾ ಸಾಯಲಿ ಅಂತ ದೊಡ್ಡ ಕಟ್ಟಡಗಳು ನೀರನ್ನು 60 ಡಿಗ್ರಿಯಲ್ಲಿ ಇಡುತ್ತವೆ. ಅಷ್ಟು ಬಿಸಿ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. ಮಕ್ಕಳ ಚರ್ಮ ತೆಳು, ಇನ್ನೂ ಬೇಗ. ನಲ್ಲಿಗೆ ಬರುವ ಮೊದಲು ತಣ್ಣೀರು ಬೆರೆಸುವ ವಾಲ್ವು ಇರಬೇಕು, ಆದರೆ ಹೊಸದಾಗಿ ಕೂರಿಸಿದ ವಾಲ್ವನ್ನು ಇನ್ನೂ ಸರಿಹೊಂದಿಸಿಲ್ಲದಿರಬಹುದು. ಕೆಲವು ಶವರುಗಳ ತಿರುಗಣೆಯಲ್ಲಿ 38 ಅಂತ ಬರೆದಿರುತ್ತದೆ, ಪಕ್ಕದಲ್ಲಿ ಒಂದು ಸಣ್ಣ ಗುಂಡಿ. ಆ ಗುಂಡಿ ಒತ್ತದೆ ಅದಕ್ಕಿಂತ ಬಿಸಿಗೆ ತಿರುಗಿಸಲು ಆಗಬಾರದು. ತಿರುಗಿಸಿ ನೋಡಿ. ತೊಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮಗುವನ್ನು ಇಳಿಸುವ ಮೊದಲು ಮೊಣಕೈ ಅದ್ದಿ ನೋಡಿ. ಹೊಸ ಟೈಲ್ಸ್ ಮೇಲೆ ಸೋಪಿನ ನೀರು ಬಿದ್ದರೆ ಜಾರುತ್ತದೆ, ಕಾಲೊರೆಸುವ ಟವೆಲನ್ನು ಕೆಳಗೆ ಹಾಸಿಬಿಡಿ.

8. ಹಾಸಿಗೆಯ ಅಂಚು ಎತ್ತಿ

ಹಾಸಿಗೆ ಹೊಸದು, ತಿಗಣೆ ಎಲ್ಲಿಂದ ಬರುತ್ತದೆ ಅನ್ನಿಸುತ್ತದೆ ಅಲ್ವಾ? ಅದು ಹಿಂದಿನ ಅತಿಥಿಯ ಬ್ಯಾಗಿನಲ್ಲಿ ಬರುತ್ತದೆ, ಪಕ್ಕದ ರೂಮಿನಿಂದ ಗೋಡೆಯ ಸಂದಿನಲ್ಲೂ ಬರುತ್ತದೆ. ಬ್ಯಾಗನ್ನು ಬಾತ್‌ರೂಮಿನ ಟೈಲ್ಸ್ ಮೇಲಿಟ್ಟು, ಹಾಸಿಗೆಯ ತಲೆ ಕಡೆಯ ಮೂಲೆಯಲ್ಲಿ ಹೊದಿಕೆ ಎತ್ತಿ. ಹೊಲಿಗೆಯ ಉದ್ದಕ್ಕೂ ಫೋನಿನ ಟಾರ್ಚ್ ಬಿಡಿ. ಸೇಬಿನ ಬೀಜದಷ್ಟು ದೊಡ್ಡ ಕಂದು ಹುಳ, ಅಥವಾ ಶಾಯಿ ಚುಕ್ಕಿಯಂಥ ಕಪ್ಪು ಕಲೆ ಕಂಡರೆ ರೂಮು ಬದಲಿಸಿ. ಪಕ್ಕದ ರೂಮು ಬೇಡ, ಬೇರೆ ಮಹಡಿಯದ್ದೇ ಕೇಳಿ. ಮಂಚದ ಹಿಂದಿನ ಹಲಗೆಯನ್ನೂ ನೋಡಿ. ಎಷ್ಟೋ ಸಲ ಹಾಸಿಗೆ ಹೊಸದಾದರೂ ಹಲಗೆ ಹಳೆಯದೇ ಇರುತ್ತದೆ.

ತೊಟ್ಟಿಲು ಮಂಚ ತಂದುಕೊಟ್ಟರೆ ಅಲುಗಾಡಿಸಿ ನೋಡಿ. ಸರಳುಗಳ ನಡುವಿನ ಸಂದು 6 ಸೆಂಟಿಮೀಟರ್ ದಾಟಬಾರದು. ಹಾಸಿಗೆಗೂ ಪಕ್ಕಕ್ಕೂ ನಡುವೆ ಎರಡು ಬೆರಳಿಗಿಂತ ಜಾಸ್ತಿ ಹೋದರೆ ಬೇರೆ ಹಾಸಿಗೆ ಕೇಳಿ. ಪಕ್ಕ ಕೆಳಗೆ ಜಾರುವ ಹಳೆ ಮಾದರಿ ಬಂದರೆ ವಾಪಸ್ ಕೊಡಿ. ಶಿಶುಗಳ ಸಾವಿಗೆ ಕಾರಣವಾದ್ದರಿಂದ ಅಮೆರಿಕದಲ್ಲಿ 2011ರಿಂದ ಅದರ ಮಾರಾಟವನ್ನೇ ನಿಲ್ಲಿಸಿದ್ದಾರೆ. ಒಳಗೆ ಪ್ರೀತಿಯಿಂದ ಜೋಡಿಸಿಟ್ಟ ದಿಂಬು, ಗೊಂಬೆ, ದಪ್ಪ ಹೊದಿಕೆ ಎಲ್ಲ ತೆಗೆದಿಡಿ. ಶಿಶು ಅಂಗಾತವೇ ಮಲಗಬೇಕು, ಬರೀ ಹಾಸಿಗೆ ಮೇಲೆ.

9. ಕಿಟಕಿ, ಗಾಜು, ಹಗ್ಗ

ಕಿಟಕಿ 10 ಸೆಂಟಿಮೀಟರಿಗಿಂತ ಜಾಸ್ತಿ ತೆರೆಯಬಾರದು. ನಿಮ್ಮ ಮುಷ್ಟಿ ಅಡ್ಡಲಾಗಿ ಹೋಗುವಷ್ಟು ಅಂತ ಇಟ್ಟುಕೊಳ್ಳಿ. ಪೂರ್ತಿ ತೆರೆದರೆ ತಡೆ ಹಾಕಿಸಿಕೊಳ್ಳಿ, ಇಲ್ಲವೇ ಬೀಗ ಹಾಕಿಸಿ. ಕಿಟಕಿ, ಬಾಲ್ಕನಿ ಪಕ್ಕದ ಕುರ್ಚಿ, ಟೀಪಾಯಿ ಎಳೆದು ದೂರ ಇಡಿ. ಬಾಲ್ಕನಿ ಕಂಬಿಗಳಿಗೂ ಅದೇ 10 ಸೆಂಟಿಮೀಟರ್ ಲೆಕ್ಕ.

ಹೊಸ ಹೋಟೆಲುಗಳಿಗೆ ಗಾಜೆಂದರೆ ಪ್ರೀತಿ. ಕಲೆಯೇ ಇಲ್ಲದ ಸ್ವಚ್ಛ ಗಾಜು ಓಡುವ ಮಗುವಿಗೆ ಕಾಣುವುದೇ ಇಲ್ಲ. ಬಣ್ಣದ ಟೇಪು ತಂದಿದ್ದು ಇದಕ್ಕೇ. ಶವರಿನ ಗಾಜಿಗೆ, ಬಾಲ್ಕನಿ ಬಾಗಿಲಿಗೆ ಮಗುವಿನ ಕಣ್ಣಿನ ಎತ್ತರಕ್ಕೆ ಒಂದೊಂದು ಪಟ್ಟಿ ಅಂಟಿಸಿ. ಪರದೆಯ ಹಗ್ಗ ಜೋತಾಡುತ್ತಿದ್ದರೆ ಸುತ್ತಿ ಮೇಲೆ ಕಟ್ಟಿ, ಕುತ್ತಿಗೆಗೆ ಸಿಕ್ಕಿಕೊಂಡರೆ ಮಗು ಕೂಗಲೂ ಆಗುವುದಿಲ್ಲ. ಟಿವಿಯನ್ನು ಮೆಲ್ಲಗೆ ತಳ್ಳಿ ನೋಡಿ, ಗೋಡೆಗೆ ಬಿಗಿದಿರಬೇಕು. ಕೆಟಲ್ಲಿನ ವೈರು ಮೇಜಿನ ಕೆಳಗೆ ಇಳಿಬಿದ್ದಿರಬಾರದು. ಮಿನಿಬಾರ್ ಫ್ರಿಜ್ಜಿನ ಬಾಗಿಲಿಗೂ ಒಂದು ಟೇಪು: ಕೆಲವು ಹೊಸ ಫ್ರಿಜ್ಜುಗಳಲ್ಲಿ ಬಾಟಲಿ ಎತ್ತಿದರೆ ಸಾಕು, ಅದು ತಾನಾಗಿ ಬಿಲ್ಲಿಗೆ ಸೇರುತ್ತದೆ.

10. ಮಕ್ಕಳ ಜೊತೆ ಕಾರಿಡಾರಿನಲ್ಲಿ ಒಂದು ಸುತ್ತು

ನಮ್ಮ ಮನೆಯಲ್ಲಿ ಇದು ಆಟ. ರೂಮಿನಿಂದ ಹೊರಟು ತುರ್ತು ಮೆಟ್ಟಿಲವರೆಗೆ ಎಷ್ಟು ಬಾಗಿಲು ಅಂತ ಗೋಡೆ ಮುಟ್ಟುತ್ತಾ ಎಣಿಸುವುದು. ಹೊಗೆ ತುಂಬಿದರೆ ಬೋರ್ಡು ಕಾಣುವುದಿಲ್ಲ, ತೆವಳಿಕೊಂಡು ಹೋಗುವಾಗ ಉಳಿಯುವುದು ಈ ಲೆಕ್ಕ ಮಾತ್ರ. ಎರಡು ದಿಕ್ಕಿಗೂ ಎಣಿಸಿ, ತುದಿಯ ಬಾಗಿಲು ತೆರೆದು ನೋಡಿ. ನವೀಕರಣದ ಮಿಕ್ಕ ಹಲಗೆ, ಬಣ್ಣದ ಡಬ್ಬಿ ಮೆಟ್ಟಿಲ ಮೇಲೆ ಪೇರಿಸಿದ್ದರೆ ಆ ಕ್ಷಣವೇ ರಿಸೆಪ್ಷನ್‌ಗೆ ಹೇಳಿ. ಬೆಂಕಿ ಬಿದ್ದರೆ ಲಿಫ್ಟು ಇಲ್ಲ ಅಂತ ಮಕ್ಕಳಿಗೂ ಹೇಳಿಕೊಡಿ. ರೂಮಿನ ಬಾಗಿಲು ಬಿಟ್ಟರೆ ತಾನಾಗಿ ಮುಚ್ಚಿ ಚಿಲಕ ಬೀಳಬೇಕು, ಹೊಸ ಕಾರ್ಪೆಟ್ ದಪ್ಪವಾಗಿ ಅಡ್ಡ ಸಿಕ್ಕಿ ಅರ್ಧಕ್ಕೆ ನಿಲ್ಲುವುದನ್ನು ನಾನು ನೋಡಿದ್ದೇನೆ.

ಈಜುಕೊಳಕ್ಕೆ ಹೋದರೆ ಒಂದೇ ನಿಯಮ. ಸಣ್ಣ ಮಗು ಕೈಗೆ ಸಿಗುವಷ್ಟು ಹತ್ತಿರ ಇರಬೇಕು, ಫೋನು ರೂಮಿನಲ್ಲಿರಲಿ. ಮುಳುಗುವ ಮಗು ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ.

11. ಮಲಗಿಸುವುದು

ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಸರಿ ಬರುವುದಿಲ್ಲ ಅನ್ನುವುದು ಬರೀ ಅನ್ನಿಸಿಕೆ ಅಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಜಾಗದ ಮೊದಲ ರಾತ್ರಿ ದೊಡ್ಡವರ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗುವುದಿಲ್ಲ. ಅಪರಿಚಿತ ಸದ್ದಿಗೆ ಅದು ಬೇಗ ಎಚ್ಚರಗೊಳ್ಳುತ್ತದೆ. ಒಂದೇ ರಾತ್ರಿ ಉಳಿಯುವವರಿಗೆ ಎರಡನೇ ರಾತ್ರಿ ಇಲ್ಲ. ಹಾಗಾಗಿ ಸದ್ದು, ಬೆಳಕು ಕಡಿಮೆ ಮಾಡುವುದೇ ಉಳಿದ ದಾರಿ.

ಪರದೆಯ ನಡುವೆ ಸಂದು ಬಿಟ್ಟರೆ ಕಪಾಟಿನಲ್ಲಿ ಕ್ಲಿಪ್ಪಿರುವ ಹ್ಯಾಂಗರ್ ಇರುತ್ತದೆ, ಅದರಿಂದ ಎರಡೂ ಅಂಚು ಸೇರಿಸಿ ಕಚ್ಚಿಸಿ. ಕಾರಿಡಾರಿನ ಬೆಳಕು, ಸದ್ದು ಬರುವ ಬಾಗಿಲ ಕೆಳಗೆ ಟವೆಲ್ ಸುರುಳಿ ಮಾಡಿ ಒತ್ತಿ. ಕನೆಕ್ಟಿಂಗ್ ಬಾಗಿಲಿನ ಆಚೆ ಬೇರೆಯವರಿದ್ದರೆ ಅಲ್ಲಿಗೂ ಒಂದು. ಮನೆಯ ದಿಂಬಿನ ಕವರು ಹಾಕಿ, ಪುಟ್ಟ ದೀಪವನ್ನು ಬಾತ್‌ರೂಮಿನ ದಾರಿಯಲ್ಲಿ ಹಚ್ಚಿಡಿ. ಮಧ್ಯರಾತ್ರಿ ಎದ್ದ ಮಗು ಹೊರಬಾಗಿಲನ್ನೇ ಬಾತ್‌ರೂಮು ಅಂದುಕೊಂಡು ತೆರೆಯಬಹುದು. ಮೇಲಿನ ಅಗುಳಿ ಹಾಕಿಯೇ ಮಲಗಿ.

ರಾತ್ರಿ ಏನಾದರೂ ಕೆಟ್ಟರೆ ಬೆಳಗಿನವರೆಗೆ ಕಾಯಬೇಡಿ. ಫೋಟೋ ತೆಗೆದು, ಆಗಲೇ ಫೋನ್ ಮಾಡಿ, ಏನು ಬೇಕು ಅಂತ ನೇರವಾಗಿ ಹೇಳಿ: “ಎಸಿ ಸದ್ದು ಮಾಡ್ತಿದೆ, ಮಗು ಎದ್ದಿದೆ, ಬೇರೆ ರೂಮು ಬೇಕು.” ಹೊಸದಾಗಿ ತೆರೆದ ಹೋಟೆಲಿನವರಿಗೆ ಹೆಸರು ಕಾಪಾಡಿಕೊಳ್ಳುವ ಕಾಳಜಿ ಜಾಸ್ತಿ, ಮೆಲುದನಿಯಲ್ಲಿ ಕೇಳಿದರೆ ಬೇಗ ಮಾಡಿಕೊಡುತ್ತಾರೆ.

12. ಹೊರಡುವಾಗ

ಟೇಪುಗಳನ್ನೆಲ್ಲ ಕಿತ್ತು, ಪ್ಲಗ್ ಮುಚ್ಚಳ ಎಣಿಸಿಕೊಂಡು, ಮಂಚದ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಬಿಳಿ ಹೊದಿಕೆಯೊಳಗೆ ಬಿಳಿ ದಿಂಬಿನ ಕವರು ಕಾಣದೆ ಉಳಿದುಬಿಡುತ್ತದೆ, ಅದಕ್ಕೇ ಬಣ್ಣದ್ದು ಒಯ್ಯುವುದು ಒಳ್ಳೆಯದು. ರೂಮಿನಲ್ಲಿ ಕಂಡ ಕೊರತೆಗಳನ್ನು ಒಂದು ಚೀಟಿಯಲ್ಲಿ ರೂಮ್ ನಂಬರಿನ ಸಮೇತ ಬರೆದು ರಿಸೆಪ್ಷನ್‌ನಲ್ಲಿ ಕೊಡಿ. ಬಾಯಲ್ಲಿ ಹೇಳಿದ್ದು ಪಾಳಿ ಬದಲಾದಾಗ ಮರೆತುಹೋಗುತ್ತದೆ, ಚೀಟಿ ರಿಪೇರಿಯವರ ಕೈ ಸೇರುತ್ತದೆ.